ಖಾಲಾ ಕೈಗೆ ಕೊಟ್ಟುಹೋದ ಬೆಕ್ಕು

ಅಮ್ಮ ತೀರಿಕೊಂಡ ಮೇಲೆ ಸಿರಾದ ನಮ್ಮ ಬಾಡಿಗೆ ಮನೆಯಲ್ಲಿ ಉಳಿದದ್ದು ನಾನು ಮತ್ತು ಅಮ್ಮನ ಬೆಕ್ಕು. ಅರವತ್ತರ ದಶಕದ ಆರಂಭದ ದಿನಗಳು. ನಾನು ಅಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್ ಆಗಿದ್ದೆ. ಮದುವೆಯಾಗಿರಲಿಲ್ಲ, ಇನ್ನು ಆಗುವುದೂ ಇಲ್ಲವೆಂದು ನೆಂಟರೆಲ್ಲ ಸೇರಿ ತೀರ್ಮಾನಿಸಿ, ನನ್ನ ವಿಷಯ ಮಾತಾಡುವುದನ್ನೇ ಬಿಟ್ಟಿದ್ದರು. ಬೆಕ್ಕು ಬೂದು ಬಣ್ಣದ ದಪ್ಪ ಗಂಡು. ಅಮ್ಮ ಅದಕ್ಕೆ ಹೆಸರಿಟ್ಟಿರಲಿಲ್ಲ. "ಕೂಸೇ" ಎಂದರೆ ಎಲ್ಲಿದ್ದರೂ ಓಡಿಬರುತ್ತಿತ್ತು. ನಾನು ಕರೆದರೆ ತಲೆಯೆತ್ತಿ ನೋಡಿ ಮತ್ತೆ ಮಲಗುತ್ತಿತ್ತು.

ಅಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು. ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಗಾಜಿನ ಸಿರಿಂಜನ್ನು ನೀರಿನಲ್ಲಿ ಕುದಿಸಿ, ಅವಳ ತೊಡೆಗೆ ಇನ್ಸುಲಿನ್ ಚುಚ್ಚುವುದು ನನ್ನ ಕೆಲಸ. ನಡುವೆ ಕೆಲವು ತಿಂಗಳು ನಾನು ಟ್ರೈನಿಂಗಿಗೆಂದು ತುಮಕೂರಿನಲ್ಲಿದ್ದೆ. ಆಗ ಅವಳು ಮಬ್ಬುಗಣ್ಣಿನಲ್ಲೇ ಸಿರಿಂಜಿನ ಗೆರೆ ನೋಡಿಕೊಂಡು ತಾನೇ ಚುಚ್ಚಿಕೊಳ್ಳುತ್ತಿದ್ದಳು. ಎಷ್ಟು ದಿನ ಸರಿಯಾಗಿ ನೋಡಿದಳೋ, ಎಷ್ಟು ದಿನ ಅಂದಾಜಿನಲ್ಲಿ ಚುಚ್ಚಿಕೊಂಡಳೋ ನನಗೆ ಗೊತ್ತಿಲ್ಲ. ನಾನು ವಾಪಸು ಬಂದಾಗ ಅವಳು ಬಹಳ ಇಳಿದುಹೋಗಿದ್ದಳು. ಅದೇ ವರ್ಷ ಹೋಗಿಬಿಟ್ಟಳು.

ಅಮ್ಮ ಹೋಗಿ ವರ್ಷ ತುಂಬುವ ಹೊತ್ತಿಗೆ ಬೆಕ್ಕು ಸೊರಗತೊಡಗಿತು. ಹಾಕಿದ್ದನ್ನೆಲ್ಲ ತಿನ್ನುತ್ತಿತ್ತು, ಆದರೂ ಬೆನ್ನುಮೂಳೆ ಕೈಗೆ ಸಿಗುತ್ತಿತ್ತು. ಬಚ್ಚಲಲ್ಲಿ ನಿಂತ ನೀರು, ತುಳಸಿಕಟ್ಟೆಯ ಬುಡದ ನೀರು, ಎಲ್ಲಿ ಕಂಡರೂ ಕುಡಿಯುತ್ತಿತ್ತು. ಅಮ್ಮನಿಲ್ಲದ ಕೊರಗು ಎಂದುಕೊಂಡೆ. ಒಂದು ಬೆಳಿಗ್ಗೆ ಹಿತ್ತಲಲ್ಲಿ ಅದು ಉಚ್ಚೆ ಹೊಯ್ದು ಮಣ್ಣು ಕೆದರಿದ ಜಾಗದ ಸುತ್ತ ಇರುವೆ ಮುತ್ತಿದ್ದವು. ಅಮ್ಮನ ಕಾಯಿಲೆಯೂ ಮೊದಲು ಗೊತ್ತಾದದ್ದು ಬಚ್ಚಲಿನ ಇರುವೆಗಳಿಂದಲೇ.

ಬೆಕ್ಕನ್ನು ಬುಟ್ಟಿಯಲ್ಲಿಟ್ಟು ಮೇಲೆ ಸೀರೆ ಕಟ್ಟಿ ದನದ ಆಸ್ಪತ್ರೆಗೆ ಹೊತ್ತುಕೊಂಡು ಹೋದೆ. ಅಲ್ಲಿ ಎಮ್ಮೆ ಹೋರಿಗಳ ನಡುವೆ ಬುಟ್ಟಿ ಹಿಡಿದು ನಿಂತ ನನ್ನನ್ನು ನೋಡಿ ಜನ ನಕ್ಕರು. ಡಾಕ್ಟರು ನಗಲಿಲ್ಲ.

"ಟೀಚರೇ, ಇಲ್ಲಿಗೆ ಬೆಕ್ಕು ತಂದವರಲ್ಲಿ ನೀವೇ ಮೊದಲಿನವರು. ಬೆಕ್ಕಿಗೂ ಸಕ್ಕರೆ ಕಾಯಿಲೆ ಬರುತ್ತೆ ಅಂತ ಓದಿದೀನಿ. ಕಣ್ಣಾರೆ ನೋಡಿಲ್ಲ."

ಅಮ್ಮನ ಪರೀಕ್ಷೆಯ ನೀಲಿ ದ್ರಾವಣ ಮನೆಯಲ್ಲಿ ಇನ್ನೂ ಇತ್ತು. ತಗಡಿನ ಮೇಲೆ ಹಿಡಿದ ಬೆಕ್ಕಿನ ಉಚ್ಚೆಯನ್ನು ಅದರಲ್ಲಿ ಹಾಕಿ ಕಾಯಿಸಿದಾಗ ನೀಲಿ ಹಸಿರಾಗಿ, ಹಳದಿಯಾಗಿ, ಕೊನೆಗೆ ಇಟ್ಟಿಗೆ ಬಣ್ಣಕ್ಕೆ ನಿಂತಿತು. ಅಮ್ಮನದೂ ಕೆಟ್ಟ ದಿನಗಳಲ್ಲಿ ಅದೇ ಬಣ್ಣ. ವಿಷಯ ತಿಳಿಸಿದಾಗ ದನದ ಡಾಕ್ಟರು ದೊಡ್ಡಾಸ್ಪತ್ರೆಯ ಡಾಕ್ಟರನ್ನೂ ಕೇಳಿಕೊಂಡು ಬಂದು, ಸಿರಿಂಜಿನ ಮೊದಲ ಗೆರೆಯಷ್ಟು ಮದ್ದನ್ನು ದಿನಕ್ಕೊಂದು ಸಲ ಕೊಡಬೇಕೆಂದರು.

"ಮೊದಲು ಅದು ತಿನ್ನಬೇಕು, ಆಮೇಲೆ ಸೂಜಿ. ತಿನ್ನದೇ ಇದ್ದರೆ ಅವತ್ತು ಸೂಜಿ ಮುಟ್ಟಲೇಬೇಡಿ. ಮದ್ದು ಜಾಸ್ತಿಯಾಗಿ ನಡುಗಿದರೆ, ತೂರಾಡಿದರೆ, ಬೆಲ್ಲದ ನೀರನ್ನು ಒಸಡಿಗೆ ಸವರಿ. ಅನ್ನ ಹಾಲು ನಿಲ್ಲಿಸಿ. ಮಾಂಸ, ಮೀನು, ಮೊಟ್ಟೆ ಕೊಡಿ."

"ನಮ್ಮ ಮನೇಲಿ ಅದೆಲ್ಲ ಮಾಡಲ್ಲ ಡಾಕ್ಟರೇ."

"ಮಾಡಲ್ಲ, ಸರಿ. ಆದರೆ ಅದು ಬೆಕ್ಕು ಅಲ್ವೇ?" ಎಂದರು.

ಅಮ್ಮ ಇಷ್ಟು ವರ್ಷ ಅದಕ್ಕೆ ಹಾಲು ಅನ್ನ ಕಲಸಿ, ಒಮ್ಮೊಮ್ಮೆ ಮೇಲೆ ಚೂರು ಬೆಲ್ಲ ಉದುರಿಸಿ ಕೊಟ್ಟಿದ್ದಳು. ತಾನು ತಿನ್ನಬಾರದ್ದನ್ನು ಅದು ತಿನ್ನುವುದನ್ನು ನೋಡಿ ಸಂತೋಷಪಡುತ್ತಿದ್ದಳು.

ನಮ್ಮ ಹಿತ್ತಲ ಗೋಡೆಯಾಚೆ ಬಳೆ ವ್ಯಾಪಾರದ ಸಾಬರ ಮನೆ. ಅವರು ಸಂತೆಯಿಂದ ಸಂತೆಗೆ ಬಳೆ ಮಲಾರ ಹೊತ್ತು ತಿರುಗುವವರು. ಹೆಣ್ಣುಮಕ್ಕಳಿಗೆಲ್ಲ ಮದುವೆಯಾಗಿ, ಮನೆಯಲ್ಲಿ ಹೆಚ್ಚಾಗಿ ಅವರ ಹೆಂಡತಿ ಒಬ್ಬರೇ. ಅಮ್ಮನ ವಾರಿಗೆಯವರು. ಅವರನ್ನು ನಾನು ಖಾಲಾ ಎನ್ನುತ್ತಿದ್ದೆ, ಅಂದರೆ ಚಿಕ್ಕಮ್ಮ. ಗೋಡೆಯ ಹತ್ತಿರ ನಿಂತು ಸುತ್ತಿ ಬಳಸಿ ವಿಷಯ ಹೇಳಿದೆ.

"ಅಷ್ಟಕ್ಕೆ ಯಾಕೆ ಬೇಟಿ ಅಂಗೆ ಬೆವರ್ತೀಯಾ? ನಮ್ಮನೇಲಿ ಗೋಷ್ ಬೇಯ್ತಾನೇ ಇರ್ತದೆ. ಮಸಾಲೆ ಹಾಕೋಕೆ ಮುಂಚೆ ಒಂದು ಹಿಡಿ ತೆಗೆದಿಡ್ತೀನಿ. ಜಾನ್ವರ್‌ಗೆ ಅಷ್ಟೂ ಮಾಡ್ಬಾರ್ದಾ?"

ಅವತ್ತಿನಿಂದ ಬೆಳಿಗ್ಗೆ ಗೋಡೆಯ ಮೇಲೆ ಒಂದು ಪಿಂಗಾಣಿ ಬಟ್ಟಲು ಬಂದು ಕೂರುತ್ತಿತ್ತು. ಬೆಕ್ಕು ತಿನ್ನುತ್ತಿರುವಾಗಲೇ ನಾನು ಕತ್ತಿನ ಸಡಿಲ ಚರ್ಮ ಎತ್ತಿ ಚುಚ್ಚುತ್ತಿದ್ದೆ. ಅದು ತಲೆಯನ್ನೂ ಎತ್ತುತ್ತಿರಲಿಲ್ಲ. ಮದ್ದಿನ ಸೀಸೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮಡಕೆಯೊಳಗಿನ ಒದ್ದೆ ಮರಳಿನಲ್ಲಿ ಹೂತಿಡುತ್ತಿದ್ದೆ. ಅಮ್ಮನ ಮದ್ದನ್ನೂ ಹಾಗೆಯೇ ಇಡುತ್ತಿದ್ದದ್ದು. ಎರಡು ಮೂರು ವಾರದಲ್ಲಿ ಬೆಕ್ಕಿನ ಮೈ ತುಂಬತೊಡಗಿತು.

ಮದ್ದು ತರಲು ತುಮಕೂರಿಗೆ ಹೋಗಬೇಕಿತ್ತು. ಒಂದು ಸಲ ಔಷಧಿ ಅಂಗಡಿಯವರು, "ಎರಡೇ ಸೀಸೆ ಉಳಿದಿದೆ, ಎರಡೂ ಕಟ್ಟಲಾ? ಮನೇಲಿ ಯಾರಿಗಮ್ಮ?" ಎಂದರು. ಬೆಕ್ಕಿಗೆ ಎನ್ನಲು ನಾಚಿ, "ಹಿರಿಯರೊಬ್ಬರಿಗೆ" ಎಂದೆ. ನನ್ನ ಹಿಂದೆ ನಿಂತಿದ್ದ ಹೆಂಗಸು ಕೊರಟಗೆರೆ ಕಡೆಯವಳು. "ನಮ್ಮಪ್ಪಂಗೂ ಅದೇ ಬೇಕಿತ್ತು ಕಣಮ್ಮ" ಎಂದಳು. ನಾನು ಒಂದನ್ನು ಅವಳಿಗೆ ಬಿಟ್ಟು, ಒಂದನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ಅವಳು ನನಗೆ ಕೈಮುಗಿದಳು. "ನಿಮ್ಮ ಮನೆ ಹಿರೀಕರು ಬೇಗ ಚೆನ್ನಾಗಾಗ್ಲಿ" ಎಂದಳು. ಬಸ್ಸಿನಲ್ಲಿ ಸಿರಾ ಬರುವವರೆಗೂ ನಾನು ಆ ಚೀಲವನ್ನು ತೊಡೆಯ ಮೇಲಿಟ್ಟುಕೊಳ್ಳದೆ ಕಾಲ ಬುಡದಲ್ಲಿಟ್ಟಿದ್ದೆ.

ಬೇಸಿಗೆ ಶುರುವಾಗುವ ಹೊತ್ತಿಗೆ ಪಾವಗಡದಿಂದ ಭಾವ ಹೇಳಿಕಳಿಸಿದರು. ಅಕ್ಕನಿಗೆ ಹೆರಿಗೆಯಾಗಿದೆ, ಹೆಣ್ಣು ಮಗು, ಬಾಣಂತಿಗೆ ಜ್ವರ ಬಿಡುತ್ತಿಲ್ಲ, ಬಂದು ಸ್ವಲ್ಪ ದಿನ ಇರಬೇಕು ಎಂದು. ಅಕ್ಕನಿಗೆ ಅದಕ್ಕೆ ಮೊದಲು ಎರಡು ಬಸಿರು ನಿಂತಿರಲಿಲ್ಲ. ಅಮ್ಮ ಇದ್ದಿದ್ದರೆ ಅಮ್ಮ ಹೋಗುತ್ತಿದ್ದಳು. ಈಗ ಶಾಲೆಗೆ ರಜೆ ಹಾಕಿ ನಾನೇ ಹೋಗಬೇಕು. ಅಂಥ ಸುದ್ದಿ ಕೇಳಿದ ತಕ್ಷಣ ನನ್ನ ತಲೆಗೆ ಬಂದದ್ದು ಅಕ್ಕನಲ್ಲ, ಬೆಳಗಿನ ಸೂಜಿ.

ಬೆಕ್ಕನ್ನು ಜೊತೆಗೆ ಒಯ್ಯುವ ಯೋಚನೆ ಮಾಡಿದೆ. ಆ ಬಿಸಿಲಿನಲ್ಲಿ, ಎರಡು ಬಸ್ಸು ಹಿಡಿದು, ಬಾಣಂತಿ ಮನೆಗೆ ಬೆಕ್ಕನ್ನೂ ಮಾಂಸದ ಬಟ್ಟಲನ್ನೂ ಒಯ್ಯುವುದು ಆಗದ ಮಾತು. ದನದ ಡಾಕ್ಟರು ಹಳ್ಳಿಗಳ ಕಡೆ ಕಾಲುಬಾಯಿ ಜ್ವರದ ಕೆಲಸದ ಮೇಲೆ ಹೋಗಿದ್ದರು. ಉಳಿದವರು ಖಾಲಾ ಒಬ್ಬರೇ. ಅವರಿಗೆ ಸೂಜಿ ಕಂಡರೆ ಎಷ್ಟು ಭಯವೆಂದರೆ, ಅಮ್ಮನಿಗೆ ನಾನು ಚುಚ್ಚುವ ಹೊತ್ತಿನಲ್ಲಿ ಬಂದರೆ ಸೆರಗು ಮುಖಕ್ಕೆ ಹಾಕಿಕೊಂಡು ಗೋಡೆ ಕಡೆ ತಿರುಗಿ ನಿಲ್ಲುತ್ತಿದ್ದರು. ಮೇಲಾಗಿ ಆಗ ರಂಜಾನ್ ತಿಂಗಳು, ಅವರಿಗೆ ಹಗಲೆಲ್ಲ ಉಪವಾಸ. ಇಷ್ಟೆಲ್ಲ ಗೊತ್ತಿದ್ದೂ ಕೇಳಿದೆ.

"ರೋಜಾ ನಂಗೆ ಬೇಟಿ, ಬೆಕ್ಕಿಗಲ್ವಲ್ಲ" ಎಂದು ನಕ್ಕರು. "ಕೈ ನಡುಗ್ತದೆ. ಕಲಿಸಿಕೊಡು, ನೋಡಣ."

ಬದನೆಕಾಯಿಗೆ ನೀರು ಚುಚ್ಚಿಸಿ ಕಲಿಸಿದೆ. ಮೊದಲನೆಯ ಕಾಯಿಗೆ ಚುಚ್ಚುವಾಗ ಅವರು ಕಣ್ಣು ಮುಚ್ಚಿ ದೇವರ ಹೆಸರು ಹೇಳಿದರು. "ಕಣ್ಣು ಬಿಡಿ ಖಾಲಾ, ಗೆರೆ ನೋಡಬೇಕು" ಎಂದೆ. ಶಾಲೆಯ ಮಕ್ಕಳಿಗೆ ಹೇಳುವ ಗಡಸು ನನ್ನ ಗಂಟಲಿನಲ್ಲಿ ಬಂದಿತ್ತು. ಅವರು ತಕ್ಷಣ ಕಣ್ಣು ಬಿಟ್ಟರು, ಮಕ್ಕಳ ಹಾಗೆಯೇ. ಮಾರನೆಯ ದಿನ ನನ್ನೆದುರಿಗೇ ಬೆಕ್ಕಿಗೆ ಚುಚ್ಚಿದರು. ಬೆಕ್ಕು ಅಲ್ಲಾಡಲಿಲ್ಲ. ಚುಚ್ಚಿದ ಮೇಲೆ ಅವರೇ ಕಟ್ಟೆಯ ಮೇಲೆ ಕುಸಿದು ಕೂತು ಬೆವರೊರೆಸಿಕೊಂಡರು. ನೀರು ಕೊಡಲು ಚೊಂಬು ಹಿಡಿದೆ. ಉಪವಾಸವೆಂದು ನೆನಪಾಗಿ ಕೆಳಗಿಟ್ಟೆ.

ಮಡಕೆ, ಸಿರಿಂಜು, ಸೀಸೆ, ಬೆಕ್ಕು ಎಲ್ಲವನ್ನೂ ಅವರ ಮನೆಗೆ ಸಾಗಿಸಿ, ನಮ್ಮ ಮನೆಗೆ ಬೀಗ ಹಾಕಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೆ. ಬಡವನಹಳ್ಳಿ ದಾಟಿ ಮಧುಗಿರಿಗೆ ಬಂದು, ಅಲ್ಲಿ ಪಾವಗಡದ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಹೇಳಬೇಕಾದದ್ದೆಲ್ಲ ಹೇಳಿದೆನೋ ಇಲ್ಲವೋ ಎಂದು ಮನಸ್ಸಿನಲ್ಲೇ ತಿರುತಿರುಗಿ ಒಪ್ಪಿಸಿಕೊಂಡೆ.

ಅಕ್ಕ ನಾನು ಹೆದರಿದ್ದಕ್ಕಿಂತ ಹೆಚ್ಚು ಸೋತಿದ್ದಳು. ಮಗುವಿಗೆ ಹಾಲು ಸಾಲುತ್ತಿರಲಿಲ್ಲ. ಅವಳಿಗೆ ಗಂಜಿ ಕುಡಿಸುವುದು, ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವುದು, ಬಟ್ಟೆ ಒಗೆಯುವುದು, ಬೆಳಗಿನಿಂದ ಕೆಲಸವಿತ್ತು. ಆದರೆ ಬೆಳಿಗ್ಗೆ ಆ ಹೊತ್ತಾದರೆ ನನ್ನ ಕೈ ನಿಂತುಹೋಗುತ್ತಿತ್ತು. ಈಗ ಬಟ್ಟಲು ಇಟ್ಟಿರುತ್ತಾರೆ, ಈಗ ತಿಂದಿರುತ್ತದೆ, ಈಗ ಚುಚ್ಚಿರುತ್ತಾರೆ. ಅಕ್ಕ ಮಲಗಿದ್ದಲ್ಲಿಂದಲೇ ಗಮನಿಸಿದ್ದಳು.

"ಎಲ್ಲಿದೀಯೇ ನೀನು?" ಎಂದಳು ಒಂದು ದಿನ.

ಬೆಕ್ಕಿನ ಕಥೆ ಹೇಳಿದೆ. ಅಕ್ಕನ ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಆ ಮನೆಯಲ್ಲಿ ಅರ್ಧ ಮಾತು ತೆಲುಗು. "ಅಯ್ಯೋ ರಾಮ, ಪಿಲ್ಲಿಕಿ ಸೂದಿಯಾ? ಬೆಕ್ಕಿಗೆ ಸೂಜಿ ಹಾಕ್ಸಕ್ಕೆ ಸಾಬ್ರ ಹೆಂಗ್ಸನ್ನ ಇಟ್ಟು ಬಂದಿದ್ದೀಯಾ ತಲ್ಲಿ?" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಅಕ್ಕ ನಗಲಿಲ್ಲ. ಮಗುವಿನ ಕಡೆ ಹೊರಳಿ ಮಲಗಿದಳು.

ಅದಾದ ಎರಡು ಮೂರು ದಿನಕ್ಕೆ ಮಧುಗಿರಿ ಬಸ್ಸಿನ ಕಂಡಕ್ಟರ್ ಮನೆ ಹುಡುಕಿಕೊಂಡು ಬಂದ. ಬಡವನಹಳ್ಳಿ ಸಂತೆಯಲ್ಲಿ ಬಳೆ ಸಾಬರು ಅವನ ಕೈಲಿ ಮಾತು ಕಳಿಸಿದ್ದರು.

"ಸಾಬ್ರ ಮನೆಯೋರು ಗೋಡೆ ಮ್ಯಾಲಿಂದ ಬಿದ್ಬುಟ್ಟವ್ರಂತೆ ಕಣಮ್ಮ. ಕೈ ಮುರ್ದದಂತೆ. ಬೆಕ್ಕು ಸಂದಾಕೈತೆ, ನೀವು ಬರೋದೇನೂ ಬ್ಯಾಡ ಅಂತ ಹೇಳು ಅಂದ್ರು."

ಬರಬೇಡ ಎಂಬ ಮಾತು ಅಷ್ಟು ಸ್ಪಷ್ಟವಾಗಿತ್ತು. ಅಕ್ಕನಿಗೆ ಜ್ವರ ಪೂರ್ತಿ ಬಿಟ್ಟಿರಲಿಲ್ಲ. ನಾನು ಅವಳ ಹತ್ತಿರ ಕೂತು, "ಖಾಲಾ ಬಿದ್ದಿದಾರಂತೆ ಅಕ್ಕ, ಕೈ ಮುರಿದಿದೆಯಂತೆ" ಎಂದೆ.

"ಹೋಗು" ಎಂದಳು. "ಬೆಕ್ಕಿಗೆ ಸೂಜಿ ಹಾಕೋರು ಬೇಕಲ್ಲ."

ಬೆಕ್ಕಿಗಾಗಿ ಅಲ್ಲ ಎಂದು ಹೇಳಬೇಕೆಂದುಕೊಂಡೆ. ಆದರೆ ಮುರಿದ ಕೈಯಲ್ಲಿ ಅದಕ್ಕೆ ಯಾರು ಚುಚ್ಚುತ್ತಾರೆ ಎಂಬ ಯೋಚನೆಯೂ ನನ್ನ ತಲೆಯಲ್ಲಿ ಇತ್ತು. ಅತ್ತೆ ಮಾತ್ರ, "ಪೋನೀಲೆ, ಹೋಗ್ಲಿ ಬಿಡು, ನಾನಿದೀನಿ, ನೋಡ್ಕೋತೀನಿ. ಆ ಯಮ್ಮ ಪಾಪ ನಿನಗೋಸ್ಕರಾನೇ ಬಿದ್ದಿರ್ಬೇಕು" ಎಂದು ಬುತ್ತಿ ಕಟ್ಟಿಕೊಟ್ಟರು. ಮಾರನೆಯ ಬೆಳಗಿನ ಮೊದಲ ಬಸ್ಸಿಗೆ ಹೊರಟೆ.

ಸಿರಾದಲ್ಲಿ ಖಾಲಾ ತಮ್ಮ ಮನೆಯ ಜಗಲಿಯಲ್ಲಿ ಬಲಗೈಗೆ ಬಿದಿರು ದಬ್ಬೆ ಕಟ್ಟಿಸಿಕೊಂಡು ಕೂತಿದ್ದರು. ಬೆಕ್ಕು ಅವರ ಪಕ್ಕದಲ್ಲಿ ಮಲಗಿತ್ತು. ನನ್ನನ್ನು ಕಂಡು, "ಬರ್ಬ್ಯಾಡ ಅಂತ ಹೇಳಿಕಳಿಸಿದ್ನಲ್ಲ ಬೇಟಿ!" ಎಂದು ಬೈದರು. ನಡೆದದ್ದನ್ನು ಕೇಳಿ ಕೇಳಿ ಹೇಳಿಸಬೇಕಾಯಿತು.

ಆ ಬೆಳಿಗ್ಗೆ ಬೆಕ್ಕು ಚೆನ್ನಾಗಿಯೇ ತಿಂದಿತ್ತು. ಖಾಲಾ ಸೂಜಿ ಹಾಕಿದರು. ಹಾಕಿದ ಮೇಲೆ ಅದು ಗೋಡೆ ಹಾರಿ ನಮ್ಮ ಹಿತ್ತಲಿಗೆ ಹೋಗಿಬಿಟ್ಟಿತು. ಸ್ವಲ್ಪ ಹೊತ್ತಿನ ಮೇಲೆ ಇಣುಕಿ ನೋಡಿದರೆ ಗೋಡೆ ಬುಡದಲ್ಲಿ ತಿಂದದ್ದೆಲ್ಲ ಕಕ್ಕಿತ್ತು. ಬೆಕ್ಕು ಬಚ್ಚಲ ಬಾಗಿಲ ಹತ್ತಿರ ಬಿದ್ದು ಕಾಲು ಎಳೆದುಕೊಳ್ಳುತ್ತಿತ್ತು. ಹೊಟ್ಟೆಯಲ್ಲಿ ಏನೂ ಇಲ್ಲ, ಮೈಯಲ್ಲಿ ಮದ್ದಿದೆ. ಸಾಬರು ಊರಲ್ಲಿರಲಿಲ್ಲ. ನಮ್ಮ ಮುಂಬಾಗಿಲಿಗೆ ಬೀಗ, ಬೀಗದ ಕೈ ಪಾವಗಡದಲ್ಲಿ ನನ್ನ ಸೊಂಟದಲ್ಲಿ. ಬೆಕ್ಕು ಅಮ್ಮನ ಮನೆಗೆ ಮರಳೀತೆಂದು ನನಗೂ ಹೊಳೆದಿರಲಿಲ್ಲ, ಅವರಿಗೂ ಹೊಳೆದಿರಲಿಲ್ಲ.

ಅರವತ್ತರ ಹತ್ತಿರದ ಆ ಹೆಂಗಸು, ಉಪವಾಸದಲ್ಲಿ, ಬೀಸುವ ಕಲ್ಲಿನ ಮೇಲೆ ಕಾಲಿಟ್ಟು ಗೋಡೆ ಹತ್ತಿದರು. ಬೆಲ್ಲದ ಚೂರನ್ನು ಸೆರಗಿಗೆ ಗಂಟು ಹಾಕಿಕೊಂಡಿದ್ದರು. ಆಚೆ ಇಳಿಯುವಾಗ ಸೀರೆ ಸಿಕ್ಕಿ ಕೈ ಊರಿ ಬಿದ್ದರು.

"ಕೈಯಲ್ಲಿ ಟಕ್ ಅಂತು ಬೇಟಿ. ಆಗ ನೋವು ಗೊತ್ತಾಗ್ಲಿಲ್ಲ. ಈ ಎಡಗೈಲಿ ಬೆಲ್ಲ ನಿಮ್ಮ ತೊಟ್ಟಿ ನೀರಲ್ಲಿ ಅದ್ದಿ ಅದರ ಬಾಯಿಗೆ ತಿಕ್ಕಿದೆ. ತಿಕ್ತಾನೇ ಇದ್ದೆ. ಟೀಚರಮ್ಮಂಗೆ ಏನು ಮೂತಿ ತೋರಿಸಲಿ ಅಂತ ಅಳು ಬಂತು. ಆಮೇಲೆ ನಾಲಿಗೆ ಚಾಚ್ತು ನೋಡು."

ಬೆಕ್ಕು ಎದ್ದಿತು. ಅವರಿಗೆ ವಾಪಸು ಗೋಡೆ ಹತ್ತಲಾಗಲಿಲ್ಲ. ಬಳೆ ಸಾಬರು ಸಂಜೆ ಊರಿಗೆ ಬಂದು ಹುಡುಕಿ, ಏಣಿ ಇಟ್ಟು ಈಚೆ ದಾಟಿಸುವವರೆಗೂ ನಮ್ಮ ಹಿತ್ತಲಲ್ಲೇ, ಬಚ್ಚಲಿನ ನೆರಳಿನಲ್ಲಿ, ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ತೊಟ್ಟಿ ತುಂಬ ನೀರಿದ್ದರೂ ರೋಜಾ ಮುರಿಯಲಿಲ್ಲ. ಆಮೇಲಿನ ದಿನಗಳಲ್ಲಿ ಸೂಜಿ ಹಾಕಿದವರು ಸಾಬರು. ಬಳೆ ತೊಡಿಸುವ ಕೈ, ನಡುಗಲಿಲ್ಲವಂತೆ.

ನಾನು ಅವರ ಕಾಲು ಮುಟ್ಟಲು ಬಗ್ಗಿದೆ. ಅವರು ಎಡಗೈಯಲ್ಲಿ ತಡೆದರು. "ಅಂಗೆಲ್ಲ ಮಾಡ್ಬಾರ್ದು. ಅದಕ್ಕಿನ್ನೂ ಊಟ ಆಗಿಲ್ಲ. ನಂಗೆ ಒಂದು ಕೈಲಿ ಆಗಲ್ಲ, ನೀನೇ ಬೇಯ್ಸು."

ಹಾಗೆ ನಾನು ಮೊದಲ ಸಲ ಮಾಂಸ ಬೇಯಿಸಿದ್ದು ಖಾಲಾ ಅಡುಗೆಮನೆಯಲ್ಲಿ. ಮುಖ ಪಕ್ಕಕ್ಕೆ ತಿರುಗಿಸಿ, ಉದ್ದ ಹಿಡಿಯ ಸೌಟಿನಲ್ಲಿ ತಿರುವುತ್ತಿದ್ದೆ. "ಆ ಕಡೆ ನೋಡಿದ್ರೆ ಒಲೆ ಹೆಂಗೆ ಕಾಣ್ತದೆ ಬೇಟಿ? ಕಣ್ಣು ಬುಡು" ಎಂದರು. ಬದನೆಕಾಯಿಯ ದಿನದ ನನ್ನದೇ ಗದರಿಕೆ. ಅವರು ಅಣಕಿಸಿದರೋ, ಸಹಜವಾಗಿ ಅಂದರೋ ತಿಳಿಯಲಿಲ್ಲ. ನಾನು ಕಣ್ಣು ಬಿಟ್ಟು ನೋಡಿದೆ.

ಕೈ ಕೂಡುವವರೆಗೆ ಅವರಿಗೆ ನೀರು ಸೇದಿಕೊಟ್ಟೆ, ತಲೆ ಬಾಚಿದೆ, ಸಂಜೆ ರೋಜಾ ಬಿಡುವ ಹೊತ್ತಿಗೆ ಹಣ್ಣು ಹೆಚ್ಚಿಟ್ಟೆ. ಹಬ್ಬದ ದಿನ ಅವರ ಹೆಣ್ಣುಮಕ್ಕಳು ಬಂದರು. ತಾಯಿಯ ದಬ್ಬೆ ಕಟ್ಟಿದ ಕೈಯನ್ನು ನೋಡಿ, ಆಮೇಲೆ ನನ್ನನ್ನು ನೋಡಿ, ಏನೂ ಕೇಳಲಿಲ್ಲ. ಹಿರಿಯ ಮಗಳು ಶಾವಿಗೆಯ ಬಟ್ಟಲನ್ನು ನನ್ನ ಮುಂದಿಟ್ಟು ಒಳಗೆ ಹೋದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ಖಾಲಾ ಕೈ ಕೂಡಿತು, ಆದರೆ ಸ್ವಲ್ಪ ಸೊಟ್ಟಗೆ. ಆಮೇಲೆ ಅವರು ಬಿಂದಿಗೆಯನ್ನು ಎಡ ಸೊಂಟದಲ್ಲೇ ಹೊರುತ್ತಿದ್ದರು.

ಆ ಬೇಸಿಗೆ ರಜೆಯಲ್ಲಿ ಮತ್ತೆ ಪಾವಗಡಕ್ಕೆ ಹೋದೆ. ಅಕ್ಕ ಗುಣವಾಗಿದ್ದಳು, ಮಗು ಮೈಕೈ ತುಂಬಿಕೊಂಡಿತ್ತು. ಅಕ್ಕ ಏನೂ ಆಡಿ ತೋರಿಸಲಿಲ್ಲ. ಒಮ್ಮೆ ಮಾತ್ರ, ಮಗುವಿಗೆ ಕಾಡಿಗೆ ಹಚ್ಚುತ್ತಾ, "ನೀನು ಹೋದ ದಿನ ನಂಗೆ ಜ್ವರ ಏರಿತ್ತು. ಅಮ್ಮ ಇದ್ದಿದ್ದರೆ ಹೋಗ್ತಿರಲಿಲ್ಲ ಅಂತ ಅನ್ನಿಸ್ತು" ಎಂದಳು. ತಟ್ಟನೆ, "ಬಿಡೇ, ಜ್ವರದಲ್ಲಿ ಏನೇನೋ ಅನ್ನಿಸುತ್ತೆ" ಎಂದು ತಾನೇ ಮಾತು ತಿರುಗಿಸಿದಳು.

ಮುಂದಿನ ವರ್ಷ ನನಗೆ ಕೊರಟಗೆರೆಗೆ ವರ್ಗವಾಯಿತು. ಸಿಕ್ಕಿದ ಮನೆ ಮಡಿವಂತರದು. ಹಿತ್ತಲಿಲ್ಲ, ಮಾಂಸದ ಮಾತೇ ಇಲ್ಲ. ಬೆಕ್ಕನ್ನು ಏನು ಮಾಡಲಿ ಎಂದು ನಾನು ಒದ್ದಾಡುತ್ತಿದ್ದರೆ ಖಾಲಾ ಸಹಜವಾಗಿ, "ಅದು ಇಲ್ಲೇ ಇರ್ತದೆ. ಮದ್ದು ತಂದ್ಕೊಡು ಸಾಕು" ಎಂದರು. ಬೆಕ್ಕು ಆಗಲೇ ನನ್ನ ಮನೆಗಿಂತ ಅವರ ಮನೆಯಲ್ಲಿ ಹೆಚ್ಚು ಇರುತ್ತಿತ್ತು. ಅವರು "ಕೂಸೇ" ಎಂದರೆ ಓಡಿಹೋಗುತ್ತಿತ್ತು. ನಾನು ಬೇಡವೆಂದು ಒಂದೆರಡು ಸಲ ಹೇಳಿದೆ, ಗಟ್ಟಿಯಾಗಿ ಹೇಳಲಿಲ್ಲ. ಸಾಮಾನು ಲಾರಿಗೆ ಏರಿಸಿ ಹೊರಟಾಗ ಅಳು ಬರುತ್ತದೆಂದುಕೊಂಡಿದ್ದೆ. ಬಂದದ್ದು ಹಗುರ. ಬೆಳಿಗ್ಗೆ ಎದ್ದು ನೀರು ಕುದಿಸಬೇಕಿಲ್ಲ, ಯಾರು ತಿಂದರೋ ಬಿಟ್ಟರೋ ನೋಡಬೇಕಿಲ್ಲ. ಆ ಹಗುರಕ್ಕೆ ನಾಚಿ, ಲಾರಿಯ ಮುಂದಿನ ಸೀಟಿನಲ್ಲಿ ಡ್ರೈವರ್ ಪಕ್ಕ ಕೂತು ಸುಮ್ಮನೆ ರಸ್ತೆ ನೋಡಿದೆ.

ಬಿಡುವು ಸಿಕ್ಕ ಭಾನುವಾರಗಳಲ್ಲಿ ಮದ್ದು ತೆಗೆದುಕೊಂಡು ಸಿರಾಕ್ಕೆ ಹೋಗುತ್ತಿದ್ದೆ. ಹೋದಾಗೆಲ್ಲ ಬೆಕ್ಕು ನನ್ನ ಚೀಲ ಮೂಸಿ ಖಾಲಾ ಹತ್ತಿರ ಹೋಗಿ ಕೂರುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಶಾಲೆಯ ಕೆಲಸದಿಂದಾಗಿ ಕೆಲವು ವಾರ ಹೋಗಲಾಗಲಿಲ್ಲ. ಮದ್ದು ತೀರಿರಲಿಲ್ಲ, ಅದನ್ನು ಲೆಕ್ಕ ಹಾಕಿಕೊಂಡೇ ಇದ್ದೆ. ಕೊನೆಗೊಂದು ಭಾನುವಾರ ಹೋದರೆ ಜಗಲಿಯಲ್ಲಿ ಖಾಲಾ ಒಬ್ಬರೇ ಇದ್ದರು. ನನ್ನನ್ನು ಕಂಡವರು ಎದ್ದು ನಿಂತರು. ಎಂದೂ ಹಾಗೆ ಎದ್ದವರಲ್ಲ.

"ಮಾಫ್ ಮಾಡು ಬೇಟಿ" ಎಂದರು. "ನೀನು ನಂಬಿ ಕೊಟ್ಟಿದ್ದೆ. ತಿಂತು, ಸೂಜಿ ಹಾಕ್ದೆ, ಎಲ್ಲ ಸರಿಯಾಗೇ ಮಾಡ್ದೆ. ವಯಸ್ಸಾಗಿತ್ತು. ಮಲಗಿದ್ದಂಗೇ ಹೋಯ್ತು. ನಿನಗೆ ಹೇಳಿಕಳ್ಸಣ ಅಂದ್ರೆ, ಕೆಲಸ ಬಿಟ್ಟು ಓಡಿಬರ್ತೀಯಾ ಅಂತ ಸುಮ್ನಿದ್ದೆ."

ಸೊಟ್ಟ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನಿಂತು, ಆ ಹೆಂಗಸು ನನ್ನ ಹತ್ತಿರ ಕ್ಷಮೆ ಕೇಳುತ್ತಿದ್ದರು. "ನೀವು ಯಾಕೆ ಖಾಲಾ... ನೀವು ಯಾಕೆ..." ಎಂದೆ. ಅವರು ನನ್ನ ಕೈ ಹಿಡಿದು ಕೂರಿಸಿದರು. ಹಿತ್ತಲಿನ ಸೀಬೆ ಗಿಡದ ಕೆಳಗೆ ಮಣ್ಣು ಮಾಡಿದ್ದರು. ಮೇಲೆ ಒಂದು ಹಳೆಯ ಚಪ್ಪಡಿ ಇಟ್ಟಿದ್ದರು, ನಾಯಿ ಕೆದರದಿರಲೆಂದು.

ಉಳಿದ ಮದ್ದನ್ನು ಅವರು ಆಗಲೇ ದೊಡ್ಡಾಸ್ಪತ್ರೆಗೆ ಕೊಟ್ಟುಬಿಟ್ಟಿದ್ದರು. ಕೇಳಿ ನನಗೆ ಸಮಾಧಾನವಾಯಿತು. ನಾನು ಚೀಲದಲ್ಲಿ ತಂದಿದ್ದ ಹೊಸ ಸೀಸೆಯನ್ನೂ ಸಂಜೆ ಬಸ್ಸಿಗೆ ಮೊದಲು ಅಲ್ಲಿಗೇ ಕೊಡೋಣವೆಂದುಕೊಂಡೆವು. ಇಬ್ಬರೂ ಜೊತೆಯಲ್ಲೇ ನಡೆದು ಹೋದೆವು. ಭಾನುವಾರವಾದ್ದರಿಂದ ಔಷಧಿ ಕೊಡುವ ಕಿಟಕಿ ಮುಚ್ಚಿತ್ತು. ಖಾಲಾ, "ನಾನು ನಾಳೆ ಕೊಟ್ಬುಡ್ತೀನಿ, ನೀನು ಬಸ್ಸು ಹಿಡಿ" ಎಂದು ಸೀಸೆಯನ್ನು ಸೆರಗಿಗೆ ಕಟ್ಟಿಕೊಂಡರು.